ವಾಟರ್‌ಲೂನಲ್ಲಿ ಕೂತು ಬಾರ್ಸಿಲೋನಾ ಆಳಬಹುದಾ?

ನಮ್ಮ ಸೆಕ್ಷನ್ನಿನ ಸಿಆರ್ ಹೋದ ಸೆಮಿಸ್ಟರ್ ಮಧ್ಯದಲ್ಲೇ ಪುಣೆಗೆ ಇಂಟರ್ನ್‌ಶಿಪ್ ಅಂತ ಹೊರಟುಹೋದ. ಸಿಆರ್ ಪಟ್ಟ ಮಾತ್ರ ಬಿಡಲಿಲ್ಲ. "ಈಗೇನು ಮಹಾ? ಎಲ್ಲಾ ವಾಟ್ಸಾಪ್‌ನಲ್ಲೇ ನಡೆಯುತ್ತಲ್ವಾ" ಅಂದ. ನಿಜವಾಗಿಯೂ ನಡೀತು. ಟೈಮ್‌ಟೇಬಲ್ ಬಂತು, ಅಸೈನ್‌ಮೆಂಟ್ ಡೇಟ್ ಬಂತು, ಲ್ಯಾಬ್ ಬ್ಯಾಚ್ ಪಟ್ಟಿ ಬಂತು. ಆದರೆ ಎರಡನೇ ಇಂಟರ್ನಲ್ಸ್ ಒಂದು ವಾರ ಮುಂದಕ್ಕೆ ಹಾಕಿಸಬೇಕು ಅಂದಾಗ ಯಾರಾದರೂ ಎಚ್‌ಒಡಿ ಚೇಂಬರ್ ಒಳಗೆ ಹೋಗಿ ಬೈಸಿಕೊಳ್ಳಬೇಕಿತ್ತು. ಆ ಬೈಗುಳ ತಿನ್ನೋ ಕೆಲಸ ಪುಣೆಯಿಂದ ಆಗಲಿಲ್ಲ. ಕೊನೆಗೆ ಹೋಗಿದ್ದು ನಾನು. ತಿಂದಿದ್ದೂ ನಾನೇ.

ಇದನ್ನ ಇಲ್ಲಿ ಯಾಕೆ ಹೇಳ್ತಾ ಇದೀನಿ ಅಂದ್ರೆ, ನಮ್ಮ ಸಂಘದ ಶನಿವಾರದ ಹರಟೆಯಲ್ಲಿ ಈ ಸಲ ಚೀಟಿ ಎತ್ತಿದಾಗ ಬಂದ ವಿಷಯ ಇದು: ಕೇಸು ಹಾಕಿಸಿಕೊಂಡು ದೇಶ ಬಿಟ್ಟು ಹೋದವನು ಅಲ್ಲಿಂದಲೇ ಚುನಾವಣೆಗೆ ನಿಲ್ಲಬಹುದಾ, ಗೆದ್ದರೆ ಅಧಿಕಾರ ನಡೆಸಬಹುದಾ? ಅರ್ಧ ಗಂಟೆಯಲ್ಲಿ ಮುಗಿಯಬೇಕಿದ್ದ ಚರ್ಚೆ ಮೆಸ್ ಮುಚ್ಚೋವರೆಗೂ ನಡೀತು. ಇಂಜಿನಿಯರಿಂಗ್ ಹುಡುಗರಲ್ವಾ, ಮೊದಲ ಉತ್ತರ ಎಲ್ಲರದ್ದೂ ಒಂದೇ: "ಟೆಕ್ನಿಕಲಿ ಸಾಧ್ಯ." ವಿಡಿಯೋ ಕಾಲ್ ಇದೆ, ಡಿಜಿಟಲ್ ಸಹಿ ಇದೆ, ಕ್ಯಾಬಿನೆಟ್ ಮೀಟಿಂಗ್ ಲಿಂಕ್ ಕಳಿಸಿದರಾಯ್ತು. ಅಲ್ಲಿ ನನಗೆ ಸರಿಯಾಗಿ ವಾದಿಸೋಕೆ ಆಗಲಿಲ್ಲ. ಮಧ್ಯೆ ಮಧ್ಯೆ ಬಾಯಿ ಹಾಕುವವರು ಜಾಸ್ತಿ. ಅದಕ್ಕೇ ಬರೀತಿದೀನಿ.

ಈ ಪ್ರಶ್ನೆಯನ್ನ ಪುಸ್ತಕದಿಂದ ಬೀದಿಗೆ ತಂದವರು ಕ್ಯಾಟಲೋನಿಯಾದ ಕಾರ್ಲೆಸ್ ಪುಜ್ಡಮೊನ್. ಮೊದಲು ಪತ್ರಕರ್ತ, ಆಮೇಲೆ ಜಿರೋನಾ ಅನ್ನೋ ಊರಿನ ಮೇಯರ್, 2016ರ ಜನವರಿಯಿಂದ ಕ್ಯಾಟಲೋನಿಯಾ ಪ್ರಾಂತ್ಯದ ಅಧ್ಯಕ್ಷ. ಸ್ಪೇನ್‌ನ ಸಂವಿಧಾನ ನ್ಯಾಯಾಲಯ ತಡೆ ಹಾಕಿದ್ದರೂ 2017ರ ಅಕ್ಟೋಬರ್ 1ರಂದು ಸ್ವಾತಂತ್ರ್ಯದ ಬಗ್ಗೆ ಜನಮತಗಣನೆ ನಡೆಸಿದರು. ಅದೇ ತಿಂಗಳ 27ಕ್ಕೆ ಅಲ್ಲಿನ ಪಾರ್ಲಿಮೆಂಟ್ ಸ್ವಾತಂತ್ರ್ಯ ಘೋಷಿಸಿತು. ಮ್ಯಾಡ್ರಿಡ್ ಸರ್ಕಾರ ಸಂವಿಧಾನದ 155ನೇ ವಿಧಿ ಬಳಸಿ ಇಡೀ ಪ್ರಾಂತ್ಯ ಸರ್ಕಾರವನ್ನೇ ವಜಾ ಮಾಡಿತು. ನಮ್ಮ 356ನೇ ವಿಧಿಯ ದೂರದ ಸಂಬಂಧಿ ಅನ್ಕೊಳ್ಳಿ. ಕೆಲವೇ ದಿನಗಳಲ್ಲಿ ಪುಜ್ಡಮೊನ್ ಬೆಲ್ಜಿಯಂನಲ್ಲಿ ಪ್ರತ್ಯಕ್ಷ. ಆಮೇಲೆ ಮನೆ ಮಾಡಿದ್ದು ಬ್ರಸೆಲ್ಸ್ ಪಕ್ಕದ ವಾಟರ್‌ಲೂನಲ್ಲಿ. ನೆಪೋಲಿಯನ್ ಸೋತ ಅದೇ ವಾಟರ್‌ಲೂ. ಜಾಗ ಹುಡುಕುವಾಗ ಇವರಿಗೆ ಇತಿಹಾಸ ನೆನಪಾಗಲಿಲ್ವಾ ಅಂತ ನನಗೆ ಈಗಲೂ ಆಶ್ಚರ್ಯ.

ಡಿಸೆಂಬರ್ 21ಕ್ಕೆ ಹೊಸ ಚುನಾವಣೆ. ಪುಜ್ಡಮೊನ್ ಬ್ರಸೆಲ್ಸ್‌ನಿಂದಲೇ ನಿಂತರು, ವಿಡಿಯೋದಲ್ಲೇ ಭಾಷಣ ಮಾಡಿದರು, ಗೆದ್ದರು. 135 ಸೀಟಿನ ಸದನದಲ್ಲಿ ಅವರ ಕೂಟಕ್ಕೆ 34, ಸ್ವಾತಂತ್ರ್ಯ ಪರ ಪಕ್ಷಗಳಿಗೆಲ್ಲ ಸೇರಿ 70. ಅಂದರೆ ಬಹುಮತ ಇದೆ. ಜನ ಆರಿಸಿದ್ದಾರೆ. ಅಧ್ಯಕ್ಷ ಆಗಬೇಕಾದವನು ಮಾತ್ರ ಸಾವಿರ ಕಿಲೋಮೀಟರ್ ದೂರದಲ್ಲಿದ್ದಾನೆ, ಗಡಿ ದಾಟಿದರೆ ಅರೆಸ್ಟ್. ಆಗ ಬಂದಿದ್ದೇ ನಮ್ಮ ಹುಡುಗರ ಐಡಿಯಾ: ವಿಡಿಯೋ ಕಾಲ್‌ನಲ್ಲಿ ಆಯ್ಕೆ ಮಾಡಿಬಿಡೋಣ. 2018ರ ಜನವರಿ 27ರಂದು ಸಂವಿಧಾನ ನ್ಯಾಯಾಲಯ ಆಗಲ್ಲ ಅಂದಿತು. ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಸದನದಲ್ಲಿ ಖುದ್ದಾಗಿ ಇರಬೇಕು, ಅದಕ್ಕೂ ಮೊದಲು ನ್ಯಾಯಾಧೀಶರ ಮುಂದೆ ಹಾಜರಾಗಿ ಅನುಮತಿ ತಗೋಬೇಕು ಅಂತ. ಮೇ ತಿಂಗಳಲ್ಲಿ ಕ್ಯಾಟಲನ್ ಪಾರ್ಲಿಮೆಂಟ್ ದೂರದಿಂದ ಆಯ್ಕೆ ಮಾಡೋಕೆ ಅಂತಲೇ ಒಂದು ಕಾನೂನು ಮಾಡಿತು. ಅದಕ್ಕೂ ಕೋರ್ಟ್ ತಡೆ. ಕೊನೆಗೆ ಕಿಮ್ ತೊರ್ರಾ ಅನ್ನೋರು ಅಧ್ಯಕ್ಷರಾದರು.

ಅಷ್ಟರಲ್ಲಿ ಮಾರ್ಚ್‌ನಲ್ಲಿ ಜರ್ಮನಿಯಲ್ಲಿ ಪುಜ್ಡಮೊನ್ ಸಿಕ್ಕಿಬಿದ್ದರು. ಅಲ್ಲಿನ ಕೋರ್ಟ್ ಜುಲೈನಲ್ಲಿ ಹೇಳಿದ್ದು: ದಂಗೆಯ ಆರೋಪಕ್ಕೆ ಹಸ್ತಾಂತರ ಮಾಡಲ್ಲ, ಸಾರ್ವಜನಿಕ ಹಣ ದುರ್ಬಳಕೆಯ ಆರೋಪಕ್ಕೆ ಬೇಕಾದರೆ ಮಾಡ್ತೀವಿ. ಸ್ಪೇನ್‌ನ ನ್ಯಾಯಾಧೀಶರಿಗೆ ಆ ಅರ್ಧ ರೊಟ್ಟಿ ಬೇಡವಾಯ್ತು. ವಾರಂಟನ್ನೇ ಹಿಂದಕ್ಕೆ ತಗೊಂಡರು.

ಇಲ್ಲಿಂದ ಮುಂದಿನದು ನನ್ನನ್ನ ನಿಜವಾಗಿ ಕಾಡಿದ ಭಾಗ. ಪುಜ್ಡಮೊನ್ ಅವರ ಉಪಾಧ್ಯಕ್ಷ ಓರಿಯೊಲ್ ಜುಂಕೆರಾಸ್. ಇಬ್ಬರ ಮೇಲೂ ಒಂದೇ ಘಟನೆಯ ಆರೋಪ. ಜುಂಕೆರಾಸ್ ಓಡಿಹೋಗಲಿಲ್ಲ. ಕೋರ್ಟ್ ಕರೆದಾಗ ಹೋದರು, 2017ರ ನವೆಂಬರ್ 2ರಿಂದಲೇ ಜೈಲು. 2019ರ ಮೇ ತಿಂಗಳಲ್ಲಿ ಯುರೋಪಿಯನ್ ಪಾರ್ಲಿಮೆಂಟ್ ಚುನಾವಣೆ ಬಂತು. ಇಬ್ಬರೂ ನಿಂತರು, ಒಬ್ಬರು ಜೈಲಿನಿಂದ, ಇನ್ನೊಬ್ಬರು ವಾಟರ್‌ಲೂನಿಂದ. ಪುಜ್ಡಮೊನ್ ಹೆಸರನ್ನ ಚುನಾವಣಾ ಮಂಡಳಿ ಮೊದಲು ಪಟ್ಟಿಯಿಂದ ತೆಗೆದಿತ್ತು. ಶಿಕ್ಷೆ ಆಗದವನ ಸ್ಪರ್ಧಿಸುವ ಹಕ್ಕು ಕಿತ್ಕೊಳ್ಳೋಕೆ ಕಾರಣ ಇಲ್ಲ ಅಂತ ಸ್ಪೇನ್‌ನ ಕೋರ್ಟುಗಳೇ ವಾಪಸ್ ಸೇರಿಸಿದವು. ಇಬ್ಬರೂ ಗೆದ್ದರು. ಆದರೆ ಗೆದ್ದವರು ಮ್ಯಾಡ್ರಿಡ್‌ಗೆ ಬಂದು ಸಂವಿಧಾನದ ಮೇಲೆ ಪ್ರಮಾಣ ಮಾಡಬೇಕು ಅನ್ನೋ ನಿಯಮ. ಒಬ್ಬರನ್ನ ಜೈಲಿನಿಂದ ಬಿಡಲಿಲ್ಲ, ಇನ್ನೊಬ್ಬರು ಬಂದರೆ ಜೈಲು.

ಜುಂಕೆರಾಸ್ ಪ್ರಕರಣ ಯುರೋಪಿಯನ್ ಒಕ್ಕೂಟದ ನ್ಯಾಯಾಲಯಕ್ಕೆ ಹೋಯಿತು. 2019ರ ಡಿಸೆಂಬರ್ 19ಕ್ಕೆ ತೀರ್ಪು ಬಂತು: ಫಲಿತಾಂಶ ಘೋಷಣೆಯಾದ ಕ್ಷಣದಿಂದಲೇ ಗೆದ್ದವನು ಸಂಸದ, ಸಂಸದನಿಗಿರುವ ರಕ್ಷಣೆಯೂ ಆಗಿನಿಂದಲೇ. ಜುಂಕೆರಾಸ್ ಗೆದ್ದರು. ಆದರೆ ಆ ತೀರ್ಪು ಬರೋ ಹೊತ್ತಿಗೆ, ಅಂದರೆ ಅಕ್ಟೋಬರ್ 14ಕ್ಕೇ, ಸ್ಪೇನ್ ಸುಪ್ರೀಂ ಕೋರ್ಟ್ ಅವರಿಗೆ 13 ವರ್ಷ ಜೈಲು, ಅಷ್ಟೇ ವರ್ಷ ಅಧಿಕಾರದಿಂದ ನಿಷೇಧ ವಿಧಿಸಿಬಿಟ್ಟಿತ್ತು. ಶಿಕ್ಷೆಯಾದ್ದರಿಂದ ಸೀಟು ಹೋಯ್ತು. ಪುಜ್ಡಮೊನ್‌ಗೆ ಶಿಕ್ಷೆ ಆಗಿರಲಿಲ್ಲ. ಯಾಕಂದ್ರೆ ಸ್ಪೇನ್‌ನಲ್ಲಿ ಇಷ್ಟು ಗಂಭೀರ ಆರೋಪಕ್ಕೆ ಆರೋಪಿ ಇಲ್ಲದೆ ವಿಚಾರಣೆ ನಡೆಸೋ ಹಾಗಿಲ್ಲ. ಹಾಗಾಗಿ ಜುಂಕೆರಾಸ್ ಗೆದ್ದುಕೊಟ್ಟ ತೀರ್ಪು ಹಿಡ್ಕೊಂಡು 2020ರ ಜನವರಿಯಲ್ಲಿ ಸ್ಟ್ರಾಸ್‌ಬರ್ಗ್‌ನ ಸದನದಲ್ಲಿ ಹೋಗಿ ಕೂತಿದ್ದು ಪುಜ್ಡಮೊನ್. ಕೇಸು ಒಬ್ಬಂದು, ಸೀಟು ಇನ್ನೊಬ್ಬಂದು.

ನಮ್ಮಲ್ಲಿ ಯಾರು ಸ್ವಾತಂತ್ರ್ಯ ಪರ, ಯಾರು ಸ್ಪೇನ್ ಪರ ಅನ್ನೋದು ಇಲ್ಲಿ ಮುಖ್ಯ ಅಲ್ಲ. ಇಬ್ಬರೂ ಒಂದೇ ಪಕ್ಕದವರು. ಕೋರ್ಟಿಗೆ ತಲೆಬಾಗಿ ನಿಂತವನು ಮೂರೂವರೆ ವರ್ಷ ಜೈಲಲ್ಲಿದ್ದು 2021ರಲ್ಲಿ ಕ್ಷಮಾದಾನದ ಮೇಲೆ ಹೊರಬಂದ. ಹೊರಬಂದ ಮೇಲೂ ಅಧಿಕಾರದ ನಿಷೇಧ ಹಾಗೇ ಉಳೀತು. ಓಡಿದವನು ಸಂಸದನಾದ. ಅವನ ರಕ್ಷಣೆಯನ್ನ ತೆಗೆಯೋಕೆ 2021ರ ಮಾರ್ಚ್‌ನಲ್ಲಿ ಯುರೋಪಿಯನ್ ಪಾರ್ಲಿಮೆಂಟೇ ಮತ ಹಾಕಬೇಕಾಯ್ತು: ಪರ 400, ವಿರೋಧ 248. ಅದಾದ ಮೇಲೂ ಆತ ಸಂಸದನಾಗೇ ಉಳಿದ. ನಿಯಮ ಪಾಲಿಸಿದವನಿಗೆ ದಂಡ, ಪಾಲಿಸದವನಿಗೆ ಲಾಭ ಅಂತ ಆದಾಗ ಆ ನಿಯಮದಲ್ಲೇ ಎಲ್ಲೋ ಬಗ್ ಇದೆ ಅಂತ ಅರ್ಥ.

ಇನ್ನು ನಮ್ಮ ದೇಶದ ಕಥೆ. ಈ ವಾರ ಕೂತು ಓದಿದಾಗ ಗೊತ್ತಾಗಿದ್ದು, ಭಾರತದಲ್ಲಿ "ದೇಶ ಬಿಟ್ಟು ಹೋದವನು ಚುನಾವಣೆಗೆ ನಿಲ್ಲಬಾರದು" ಅಂತ ನೇರವಾಗಿ ಹೇಳೋ ಸಾಲೇ ಇಲ್ಲ. ಪ್ರಜಾ ಪ್ರತಿನಿಧಿ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆಯಾದರೆ ಅನರ್ಹ, ಬಿಡುಗಡೆಯಾದ ಮೇಲೂ ಆರು ವರ್ಷ ಅನರ್ಹ. ಶಿಕ್ಷೆಯಾದರೆ! ಬರೀ ಆರೋಪ, ಚಾರ್ಜ್‌ಶೀಟ್, ವಾರಂಟ್ ಇದ್ದರೆ ಏನೂ ಆಗಲ್ಲ. ನಾಮಪತ್ರ ಕೊಡೋಕೂ ಅಭ್ಯರ್ಥಿಯೇ ಬರಬೇಕಿಲ್ಲ, ಸೂಚಕರು ತಂದುಕೊಟ್ಟರೂ ನಡೆಯುತ್ತೆ. ಒಂದು ಕಡೆ ಮಾತ್ರ ಸಿಕ್ಕಿಹಾಕಿಕೊಳ್ಳಬೇಕು. ಅಭ್ಯರ್ಥಿ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕು. ಜೈಲಲ್ಲಿದ್ದರೆ ಜೈಲು ಸೂಪರಿಂಟೆಂಡೆಂಟ್ ಮುಂದೆ, ಆಸ್ಪತ್ರೆಯಲ್ಲಿದ್ದರೆ ಅಲ್ಲಿನ ಮುಖ್ಯಸ್ಥರ ಮುಂದೆ, ವಿದೇಶದಲ್ಲಿದ್ದರೆ ಅಲ್ಲಿನ ಭಾರತೀಯ ರಾಜತಾಂತ್ರಿಕ ಅಧಿಕಾರಿಯ ಮುಂದೆ. ಯೋಚನೆ ಮಾಡಿ ನೋಡಿ. ಯಾವ ಸರ್ಕಾರ ಹುಡುಕ್ತಾ ಇದೆಯೋ ಅದೇ ಸರ್ಕಾರದ ರಾಯಭಾರ ಕಚೇರಿಗೆ ನಡೆದುಕೊಂಡು ಹೋಗಿ "ಸಾರ್, ಸ್ವಲ್ಪ ಪ್ರಮಾಣವಚನ ಬೋಧಿಸಿ" ಅನ್ನಬೇಕು. ಪಾಸ್‌ಪೋರ್ಟ್ ರದ್ದಾದವನು ಬಾಗಿಲಲ್ಲಿ ಯಾವ ಐಡಿ ತೋರಿಸ್ತಾನೋ ಗೊತ್ತಿಲ್ಲ.

"ಶಿಕ್ಷೆಯಾಗಬೇಕಾದರೆ ವಿಚಾರಣೆ ಆಗಬೇಕು, ವಿಚಾರಣೆಗೆ ಅವನು ಸಿಗಬೇಕು, ಅವನು ಸಿಗಲ್ಲ, ಹಾಗಾಗಿ ಅವನು ಅರ್ಹ" ಅನ್ನೋ ಈ ಲೂಪ್ ನಮ್ಮಲ್ಲೂ ಬಹಳ ಕಾಲ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 356ನೇ ಸೆಕ್ಷನ್ ಇದನ್ನ ಮುರಿಯೋಕೆ ನೋಡಿದೆ. ತಲೆಮರೆಸಿಕೊಂಡವನು ಅಂತ ಕೋರ್ಟ್ ಘೋಷಿಸಿದ ಆರೋಪಿ ಇಲ್ಲದೆಯೇ ವಿಚಾರಣೆ ನಡೆಸಿ ತೀರ್ಪು ಕೊಡಬಹುದು, ಆದರೆ ಆರೋಪ ಹೊರಿಸಿ 90 ದಿನ ಕಳೆದಿರಬೇಕು. (ಸಂವಿಧಾನದ 356, ಸಂಹಿತೆಯ 356. ನನಗೂ ಗೊಂದಲ ಆಗಿತ್ತು, ನಿಮಗೂ ಆಗಲಿ.)

ವಿಜಯ್ ಮಲ್ಯ ಹೆಸರು ಹೇಳದೆ ಕರ್ನಾಟಕದ ಪತ್ರಿಕೆಯಲ್ಲಿ ಈ ಲೇಖನ ಮುಗಿಸೋಕಾಗಲ್ಲ. ಯಾಕಂದ್ರೆ ಅವರು ರಾಜ್ಯಸಭೆಗೆ ಹೋಗಿದ್ದು ನಮ್ಮ ರಾಜ್ಯದಿಂದ, 2002ರಲ್ಲಿ ಒಮ್ಮೆ, 2010ರಲ್ಲಿ ಇನ್ನೊಮ್ಮೆ. ಮತ ಹಾಕಿದ್ದು ನಮ್ಮ ಶಾಸಕರು. 2016ರ ಮಾರ್ಚ್ 2ರಂದು ದೇಶ ಬಿಟ್ಟಾಗ ಅವರು ಹಾಲಿ ಸಂಸದ. ಸಂಸದರಿಗೆ ಸಿಗೋ ಡಿಪ್ಲೊಮ್ಯಾಟಿಕ್ ಪಾಸ್‌ಪೋರ್ಟ್ ಅವರ ಹತ್ರ ಇತ್ತು. ಅದನ್ನ ಸರ್ಕಾರ ರದ್ದು ಮಾಡಿದ್ದು ಏಪ್ರಿಲ್‌ನಲ್ಲಿ. ರಾಜ್ಯಸಭೆಯ ನೀತಿ ಸಮಿತಿ ಉಚ್ಚಾಟನೆಯ ಕಡೆಗೆ ಹೊರಟಾಗ ರಾಜೀನಾಮೆ ಕಳಿಸಿದರು. ಮೊದಲು ಕಳಿಸಿದ್ದು ಕ್ರಮಬದ್ಧವಾಗಿಲ್ಲ ಅಂತ ಸಭಾಪತಿಗಳು ಒಪ್ಪಲಿಲ್ಲ. ಮೇ 4ಕ್ಕೆ ಅಂಗೀಕಾರ ಆಯ್ತು. ಅಂದರೆ ಸುಮಾರು ಎರಡು ತಿಂಗಳು ಕರ್ನಾಟಕದ ಒಬ್ಬ ಸಂಸದರು ಬ್ರಿಟನ್‌ನಲ್ಲಿ ಇದ್ದುಕೊಂಡೇ ಕರ್ನಾಟಕದ ಸಂಸದರಾಗಿದ್ದರು. ಮುಂಬೈನ ವಿಶೇಷ ನ್ಯಾಯಾಲಯ ಅವರನ್ನ ಪರಾರಿಯಾದ ಆರ್ಥಿಕ ಅಪರಾಧಿ ಅಂತ ಘೋಷಿಸಿದ್ದು 2019ರ ಜನವರಿಯಲ್ಲಿ, ಸೀಟು ಬಿಟ್ಟು ಎರಡೂವರೆ ವರ್ಷ ಆದ ಮೇಲೆ. ರಾಜೀನಾಮೆ ಕೊಡದೆ ಸುಮ್ಮನೆ ಕೂತಿದ್ದರೆ? ಸಂವಿಧಾನದ 101ನೇ ವಿಧಿ ಪ್ರಕಾರ ಅನುಮತಿ ಇಲ್ಲದೆ 60 ದಿನ ಸದನಕ್ಕೆ ಬರದಿದ್ದರೆ ಸೀಟು ಖಾಲಿ ಅಂತ ಸದನ ಘೋಷಿಸಬಹುದು. "ಘೋಷಿಸಬಹುದು", ಘೋಷಿಸಲೇಬೇಕು ಅಂತಿಲ್ಲ. ಅಧಿವೇಶನ ಮುಗಿದಿರೋ ದಿನ, ನಾಲ್ಕು ದಿನಕ್ಕಿಂತ ಹೆಚ್ಚು ಮುಂದೂಡಿದ ದಿನ ಲೆಕ್ಕಕ್ಕಿಲ್ಲ. ನಮಗೆ 75 ಪರ್ಸೆಂಟ್ ಹಾಜರಾತಿ ಇಲ್ಲ ಅಂದ್ರೆ ಹಾಲ್‌ಟಿಕೆಟ್ ಇಲ್ಲ, ಅವರಿಗೆ ನೋಡಿ!

ಹರಟೆಯಲ್ಲಿ ಒಬ್ಬ ಜೂನಿಯರ್ ಕೇಳಿದ: "ಜೈಲಿನಿಂದ ಗೆದ್ದವರು ಇಲ್ವಾ ಅಣ್ಣಾ? ಅವರಿಗೊಂದು ನ್ಯಾಯ, ಇವರಿಗೊಂದು ನ್ಯಾಯನಾ?" ಇದ್ದಾರೆ. ತುರ್ತು ಪರಿಸ್ಥಿತಿಯಲ್ಲಿ ಬಂಧನಕ್ಕೊಳಗಾದ ಜಾರ್ಜ್ ಫರ್ನಾಂಡಿಸ್, ನಮ್ಮ ಮಂಗಳೂರಿನವರು, 1977ರಲ್ಲಿ ಜೈಲಲ್ಲಿದ್ದುಕೊಂಡೇ ಬಿಹಾರದ ಮುಜಫರ್‌ಪುರದಿಂದ ಗೆದ್ದರು. 2024ರಲ್ಲಿ ಅಮೃತಪಾಲ್ ಸಿಂಗ್, ಎಂಜಿನಿಯರ್ ರಶೀದ್ ಇಬ್ಬರೂ ಜೈಲಿನಿಂದಲೇ ಲೋಕಸಭೆಗೆ ಗೆದ್ದರು. ಪೊಲೀಸ್ ಕಾವಲಲ್ಲಿ ಬಂದು ಪ್ರಮಾಣ ಮಾಡಿ ವಾಪಸ್ ಹೋದರು. ಅವರ ರಾಜಕೀಯ ನಮಗೆ ಒಪ್ಪಿಗೆಯಾಗಲಿ ಬಿಡಲಿ, ಒಂದು ವ್ಯತ್ಯಾಸ ಇದೆ. ಜೈಲಲ್ಲಿರೋನು ಎಲ್ಲಿದ್ದಾನೆ ಅಂತ ಎಲ್ಲರಿಗೂ ಗೊತ್ತು. ಅವನನ್ನ ಕರೆತರೋದು, ಬಿಡೋದು ಸರ್ಕಾರದ ಕೈಲಿದೆ. ಅವನ ಗೈರುಹಾಜರಿಗೆ ಅವನೇ ಕಾರಣ ಅಲ್ಲ. ಓಡಿಹೋದವನ ಗೈರುಹಾಜರಿ ಅವನದೇ ಆಯ್ಕೆ.

ಇಷ್ಟಾದ ಮೇಲೆ ನಾನು ಆರಾಮಾಗಿ "ಓಡಿದವರಿಗೆ ಏನೂ ಇಲ್ಲ" ಅಂತ ತೀರ್ಪು ಕೊಡಬಹುದಿತ್ತು. ಕೊಡೋಕೆ ಬಿಡದವರು ನನ್ನ ರೂಮ್‌ಮೇಟ್. ಅವನು ಕೇಳಿದ್ದು ಒಂದೇ ಹೆಸರು: ಸುಭಾಷ್ ಚಂದ್ರ ಬೋಸ್. 1941ರ ಜನವರಿಯಲ್ಲಿ ಕಲ್ಕತ್ತಾದ ಮನೆಯಿಂದ, ಬ್ರಿಟಿಷರ ಕಾವಲು ತಪ್ಪಿಸಿಕೊಂಡು ದೇಶ ಬಿಟ್ಟರು. 1943ರ ಅಕ್ಟೋಬರ್ 21ರಂದು ಸಿಂಗಾಪುರದಲ್ಲಿ ಆಜಾದ್ ಹಿಂದ್ ತಾತ್ಕಾಲಿಕ ಸರ್ಕಾರ ಘೋಷಿಸಿ ಅದರ ಮುಖ್ಯಸ್ಥರಾದರು. ಬ್ರಿಟಿಷ್ ಕಡತದಲ್ಲಿ ಅವರು ತಲೆಮರೆಸಿಕೊಂಡವರೇ. ನಮ್ಮ ಗೋಡೆಯ ಮೇಲೆ ನೇತಾಜಿ. ಇವತ್ತಿಗೂ ಹಾಗೇ: ಬೆಲಾರುಸ್‌ನ ಸ್ವಿಯಾತ್ಲಾನಾ ತಿಖಾನೋವ್‌ಸ್ಕಾಯಾ 2020ರ ಚುನಾವಣೆ ಆದ ಕೂಡಲೇ ದೇಶ ಬಿಡಬೇಕಾಯ್ತು, 2023ರಲ್ಲಿ ಅಲ್ಲಿನ ಕೋರ್ಟ್ ಅವರಿಲ್ಲದೆಯೇ 15 ವರ್ಷ ಶಿಕ್ಷೆ ಕೊಟ್ಟಿತು. ಆ ಶಿಕ್ಷೆಯನ್ನ ತೋರಿಸಿ "ನೀನು ಅನರ್ಹಳು" ಅನ್ನೋಕಾಗುತ್ತಾ? ಆರೋಪಿ ಇಲ್ಲದೆ ವಿಚಾರಣೆ ಮಾಡೋ ಅಧಿಕಾರ ಲೂಪ್ ಮುರಿಯುತ್ತೆ ನಿಜ, ಅದೇ ಅಧಿಕಾರ ಎದುರಾಳಿಯನ್ನ ಮುಗಿಸೋ ಸುಲಭ ಉಪಾಯವೂ ಹೌದು. ಯಾರು ಪರಾರಿ, ಯಾರು ದೇಶಭ್ರಷ್ಟ ಅನ್ನೋದನ್ನ ಹೆಸರಿಡೋನು ಅಧಿಕಾರದಲ್ಲಿರೋನೇ.

ಆ ಕಾರಣಕ್ಕೇ ನನ್ನ ನಿಲುವು ಸ್ವಲ್ಪ ಬದಲಾಯ್ತು. ಸ್ಪರ್ಧೆ ಮಾಡೋಕೆ ಬಿಡಬೇಕು. ಶಿಕ್ಷೆ ಆಗದವನ ಹೆಸರು ಮತಪತ್ರದಲ್ಲಿ ಇರಬಾರದು ಅಂತ ಒಬ್ಬ ಅಧಿಕಾರಿ ಹೇಳೋದಕ್ಕಿಂತ, ಇವನು ಬೇಡ ಅಂತ ಮತದಾರನೇ ಹೇಳೋದು ವಾಸಿ. ಮತದಾರನಿಗೆ ಅವನು ಎಲ್ಲಿದ್ದಾನೆ ಅಂತ ಗೊತ್ತಿರುತ್ತೆ. ತಡೆದರೆ ಏನಾಗುತ್ತೆ ಅನ್ನೋದಕ್ಕೆ ಥಾಯ್ಲೆಂಡ್ ಇದೆ. ಥಾಕ್ಸಿನ್ ಶಿನವಾತ್ರ 2006ರಲ್ಲಿ ಸೇನಾ ದಂಗೆಯಲ್ಲಿ ಅಧಿಕಾರ ಕಳಕೊಂಡು, 2008ರಲ್ಲಿ ಶಿಕ್ಷೆಯಾಗಿ, ದುಬೈನಲ್ಲಿ ಕೂತರು. 2011ರ ಚುನಾವಣೆಯಲ್ಲಿ ಅವರ ಪಕ್ಷದ ಘೋಷಣೆಯೇ "ಥಾಕ್ಸಿನ್ ಯೋಚಿಸ್ತಾರೆ, ಪಕ್ಷ ಮಾಡುತ್ತೆ" ಅನ್ನೋ ಅರ್ಥದ್ದು. ತಂಗಿ ಯಿಂಗ್ಲಕ್ ಪ್ರಧಾನಿಯಾದರು. ಅಣ್ಣನ ಸಹಿ ಯಾವ ಕಡತದಲ್ಲೂ ಇಲ್ಲ, ಮಾತು ಎಲ್ಲಾ ಕಡತದಲ್ಲೂ ಇದೆ ಅನ್ನೋ ಪರಿಸ್ಥಿತಿ. ಹುದ್ದೆ ಕೊಡದೆ ಹೋದರೆ ಅಧಿಕಾರ ಹೋಗಲ್ಲ, ಉತ್ತರ ಕೊಡೋ ಜವಾಬ್ದಾರಿ ಮಾತ್ರ ಹೋಗುತ್ತೆ. 2023ರ ಸ್ಪೇನ್‌ನಲ್ಲೂ ಅದೇ: ಪುಜ್ಡಮೊನ್ ಪಕ್ಷದ 7 ಸೀಟು ಇಲ್ಲದೆ ಪೆದ್ರೋ ಸಾಂಚೆಜ್ ಮತ್ತೆ ಪ್ರಧಾನಿ ಆಗ್ತಿರಲಿಲ್ಲ. ಆ 7 ಸೀಟಿನ ಬೆಲೆ ಕ್ಷಮಾದಾನದ ಕಾನೂನು. 2024ರ ಮೇ 30ಕ್ಕೆ ಪಾಸಾಯ್ತು.

ಆದರೆ ನಿಲ್ಲೋದು ಬೇರೆ, ನಡೆಸೋದು ಬೇರೆ. ಗೆದ್ದವನು ಒಂದು ನಿಗದಿತ ದಿನದೊಳಗೆ ಬಂದು ಪ್ರಮಾಣ ಮಾಡಬೇಕು. ಬರಲಿಲ್ಲ ಅಂದ್ರೆ ಯಾರ ಮರ್ಜಿಗೂ ಕಾಯದೆ ಸೀಟು ಖಾಲಿ ಆಗಬೇಕು, ಮತ್ತೆ ಚುನಾವಣೆ. ಅವನು ಬರುವಾಗ ಹಿಡಿಯೋದಾದರೆ ಹಿಡಿಯಲಿ, ಆದರೆ ಪ್ರಮಾಣ ಮಾಡಿದ ಮೇಲೆ, ಮತ್ತೆ ಸದನಕ್ಕೆ ಬರೋಕೆ ಬಿಡೋ ಷರತ್ತಿನ ಮೇಲೆ. ಜುಂಕೆರಾಸ್‌ಗೆ ಆ ಅವಕಾಶ ಕೊಡದೇ ಇದ್ದದ್ದು ಸ್ಪೇನ್ ಮಾಡಿದ ತಪ್ಪು. ಬಂದವನಿಗೆ ಬಾಗಿಲು ಮುಚ್ಚಿದರೆ ಉಳಿದವರು ಓಡದೆ ಏನ್ ಮಾಡ್ತಾರೆ?

ಮಂತ್ರಿ, ಮುಖ್ಯಮಂತ್ರಿ, ಅಧ್ಯಕ್ಷ ಇವೆಲ್ಲ ಮಾತ್ರ ವಿದೇಶದಿಂದ ಸುತಾರಾಂ ಆಗಬಾರದು. ಟೆಕ್ನಿಕಲಿ ಸಾಧ್ಯ ಅನ್ನೋರಿಗೆ ನನ್ನ ಉತ್ತರ ಇಂಟರ್ನೆಟ್ ಸ್ಪೀಡ್ ಬಗ್ಗೆ ಅಲ್ಲ. ಪೊಲೀಸ್ ಇಲಾಖೆ ಯಾರ ಕೈಕೆಳಗೆ ಇರುತ್ತೋ ಅವನು ನನ್ನನ್ನ ಬಂಧಿಸೋ ಆದೇಶಕ್ಕೆ ಸಹಿ ಹಾಕಬಲ್ಲ. ಹಾಗಿದ್ದ ಮೇಲೆ ಕೋರ್ಟ್ ಕರೆದರೆ ಅವನೂ ನನ್ನ ಹಾಗೇ ಕಟಕಟೆಯಲ್ಲಿ ಬಂದು ನಿಲ್ಲೋ ಜಾಗದಲ್ಲಿ ಇರಬೇಕು. ತನ್ನ ಪೊಲೀಸರ ಕೈಗೆ ತಾನೇ ಸಿಗದ ಮುಖ್ಯಮಂತ್ರಿ ಯಾವ ಲೆಕ್ಕದಲ್ಲಿ ಮುಖ್ಯಮಂತ್ರಿ? ಬೋಸ್ ಪ್ರಶ್ನೆಗೂ ಇಲ್ಲೇ ಅರ್ಧ ಉತ್ತರ ಇದೆ. ಅವರು ಬ್ರಿಟಿಷ್ ವ್ಯವಸ್ಥೆಯೊಳಗೆ ಒಂದು ಹುದ್ದೆ ಬೇಕು ಅಂತ ಸಿಂಗಾಪುರದಿಂದ ಅರ್ಜಿ ಹಾಕಲಿಲ್ಲ. ಆ ವ್ಯವಸ್ಥೆಯನ್ನೇ ಒಪ್ಪದೆ ಹೊರಗೆ ನಿಂತು ಬೇರೆ ಸರ್ಕಾರ ಮಾಡಿದರು, ಅದರ ಅಪಾಯ ಪೂರ್ತಿ ಹೊತ್ತುಕೊಂಡರು. ಒಂದು ಕೋರ್ಟನ್ನ ಒಪ್ಪಲ್ಲ, ಅದೇ ಸಂವಿಧಾನದ ಕುರ್ಚಿ ಬೇಕು ಅನ್ನೋದು ಬೇರೆ ಮಾತು. ಇದು ಪೂರ್ತಿ ಉತ್ತರ ಅಲ್ಲ ಅಂತ ರೂಮ್‌ಮೇಟ್ ಹೇಳ್ತಾನೆ. ಕೋರ್ಟೇ ಕೊಳ್ಳೆ ಹೋಗಿರೋ ದೇಶದಲ್ಲಿ ಏನ್ ಮಾಡ್ತೀಯ ಅಂತಾನೆ. ಅಲ್ಲಿ ನನ್ನ ನಿಯಮ ನಡೆಯಲ್ಲ, ಒಪ್ಕೋತೀನಿ. ಅಂಥ ಕಡೆ ಚುನಾವಣೆಯೂ ನಡೆಯಲ್ಲ, ನಡೆದ ಹಾಗೆ ಕಾಣುತ್ತೆ ಅಷ್ಟೇ.

2024ರ ಆಗಸ್ಟ್ 8ರಂದು ಪುಜ್ಡಮೊನ್ ಏಳು ವರ್ಷದ ನಂತರ ಬಾರ್ಸಿಲೋನಾಗೆ ಬಂದರು. ಅವತ್ತು ಸಾಲ್ವಡೊರ್ ಇಲ್ಯಾ ಅವರನ್ನ ಅಧ್ಯಕ್ಷರಾಗಿ ಆಯ್ಕೆ ಮಾಡೋ ದಿನ. ಸಾವಿರಾರು ಬೆಂಬಲಿಗರ ಮುಂದೆ ವೇದಿಕೆ ಹತ್ತಿ ಕೆಲವೇ ನಿಮಿಷ ಮಾತಾಡಿದರು. ಸದನ ಅಲ್ಲಿಂದ ನಡೆದುಕೊಂಡು ಹೋಗೋ ದೂರ. ಅತ್ತ ಹೋಗ್ತಾರೆ ಅಂತ ಎಲ್ಲರೂ ಕಾಯ್ತಿದ್ದರೆ, ಕಾರು ಹತ್ತಿ ಮಾಯ. ಪೊಲೀಸರು ರಸ್ತೆ ರಸ್ತೆಯಲ್ಲಿ ಕಾರಿನ ಡಿಕ್ಕಿ ತೆಗೆಸಿ ಹುಡುಕಿದರು, ಸಿಗಲಿಲ್ಲ. ಆ ವಿಡಿಯೋ ನೋಡಿ ನಮ್ಮ ಹುಡುಗರು ಶಿಳ್ಳೆ ಹೊಡೆದರು, ಸಿನಿಮಾ ಥರ ಇದೆ ಅಂತ. ನನಗೆ ಮಾತ್ರ ಆ ಸದನದ ಒಳಗೆ ಖಾಲಿ ಇದ್ದ ಅವರ ಸೀಟಿನ ಮೇಲೇ ಕಣ್ಣು. ಅವರಿಗೆ ಮತ ಹಾಕಿದವರು ಅವತ್ತು ಬಿಸಿಲಲ್ಲಿ ರಸ್ತೆಯಲ್ಲೇ ನಿಂತಿದ್ದರು.

ನಮ್ಮ ಸಿಆರ್ ಪುಣೆಯಿಂದ ವಾಪಸ್ ಬಂದಿದ್ದಾನೆ. ಸೋಮವಾರ ಸಿಆರ್ ಚುನಾವಣೆ, ಮತ್ತೆ ನಿಂತಿದ್ದಾನೆ. ಸೂಚಕನ ಸಹಿ ನಂದೇ. ಮುಂದಿನ ಸೆಮಿಸ್ಟರ್‌ನಲ್ಲಿ ಎಲ್ಲಿಗಾದರೂ ಹೋಗೋದಿದ್ದರೆ ಮೊದಲೇ ರಾಜೀನಾಮೆ ಕೊಡ್ತೀನಿ ಅಂತ ನೋಟ್‌ಬುಕ್ ಹಾಳೆ ಮೇಲೆ ಬರೆಸಿಕೊಂಡಿದೀನಿ.